ತೀರ್ಪು ಬರೆದ ಕೈಯೇ ತಿದ್ದಬಹುದು, ಆದರೆ ಮೂವತ್ತೇ ದಿನ!

(ಕಾನೂನು ಅರಿವು ಶಿಬಿರದಲ್ಲಿ ವಕೀಲರೊಬ್ಬರು ಕನ್ನಡ ತರುಣ ತರುಣಿಯರನ್ನು ಉದ್ದೇಶಿಸಿ ಆಡಿದ ಮಾತುಗಳ ಬರಹರೂಪ)

ಭಾನುವಾರದ ಬೆಳಗ್ಗೆ ಸಿನಿಮಾ ಬಿಟ್ಟು, ಕ್ರಿಕೆಟ್ ಬಿಟ್ಟು, ಕಾನೂನಿನ ಮಾತು ಕೇಳಲು ಬಂದು ಕುಳಿತಿದ್ದೀರಿ. ನಾನು ಭಾಷಣಕಾರನಲ್ಲ, ಕರಿಕೋಟು ತೊಟ್ಟು ಹೊಟ್ಟೆ ಹೊರೆಯುವವನು. ಹಾಗಾಗಿ ಇವತ್ತು ಘೋಷಣೆ ಕೂಗಿಸುವುದಿಲ್ಲ. ಒಂದು ಬಾವಿಯ ಕಥೆ ಹೇಳುತ್ತೇನೆ. ಕಥೆಯ ನಡುವೆ ಒಂದಿಷ್ಟು ಕಾನೂನು ಹೇಳುತ್ತೇನೆ. ಎರಡನ್ನೂ ಕಿವಿಗೊಟ್ಟು ಕೇಳಿ.

ನಮ್ಮದು ಬಯಲುಸೀಮೆಯ ಊರು. ಊರಿನ ಹೆಸರು ಬೇಡ, ಕೋರ್ಟಿನ ಹೆಸರೂ ಬೇಡ. ನಡೆದು ಸುಮಾರು ಇಪ್ಪತ್ತೈದು ವರ್ಷವಾಯಿತು. ನಾನಾಗ ಬೆಂಗಳೂರಿನಲ್ಲಿ ಡಿಗ್ರಿ ಓದುತ್ತಿದ್ದೆ. ಊರಿನಲ್ಲಿ ನಮ್ಮ ಚಿಕ್ಕಪ್ಪ ಅಡಿಕೆ ತೋಟ ನೋಡಿಕೊಂಡಿದ್ದರು. ತೋಟಕ್ಕೆ ನೀರು ಬರುತ್ತಿದ್ದದ್ದು ದಾಯಾದಿಗಳ ಜಮೀನಿನಲ್ಲಿದ್ದ ಬಾವಿಯಿಂದ. ತಾತನ ಕಾಲದ ಪಾಲುಪಟ್ಟಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು: ಬಾವಿ ಇಬ್ಬರಿಗೂ ಸೇರಿದ್ದು, ವಾರದಲ್ಲಿ ನಾಲ್ಕು ದಿನ ಅವರಿಗೆ ನೀರು, ಮೂರು ದಿನ ನಮಗೆ. ಅದು ರಿಜಿಸ್ಟರ್ ಆದ ಪತ್ರ. ಒಂದು ದಿನ ದಾಯಾದಿಗಳು ಪೈಪು ಕಿತ್ತು ಹಾಕಿದರು. ಚಿಕ್ಕಪ್ಪ ಕೋರ್ಟಿಗೆ ಹೋದರು. ಐದು ವರ್ಷ ವಾಯಿದೆಯ ಮೇಲೆ ವಾಯಿದೆ. ಕೊನೆಗೆ ದಾವೆ ವಜಾ ಆಯಿತು.

ಚಿಕ್ಕಪ್ಪ ಸಾಕ್ಷಿ ಹೇಳಿದ್ದು ಕನ್ನಡದಲ್ಲಿ. ಪಾಟೀಸವಾಲು ನಡೆದದ್ದು ಕನ್ನಡದಲ್ಲಿ. ಪಾಲುಪಟ್ಟಿ ಇದ್ದದ್ದು ಕನ್ನಡದಲ್ಲಿ. ತೀರ್ಪು ಮಾತ್ರ ಇಂಗ್ಲಿಷಿನಲ್ಲಿ!

ವಕೀಲರ ಗುಮಾಸ್ತರು ಅಷ್ಟಕ್ಕೇ ಹೇಳಿ ಕಳಿಸಿದರಂತೆ: "ಕೇಸು ಹೋಯ್ತು ಯಜಮಾನ್ರೇ. ಅಪೀಲು ಹಾಕಬಹುದು, ಖರ್ಚಾಗುತ್ತೆ, ಯೋಚನೆ ಮಾಡಿ." ಚಿಕ್ಕಪ್ಪನ ಕೈಯಲ್ಲಿ ಕಾಸಿರಲಿಲ್ಲ. ತೀರ್ಪಿನ ನಕಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರು. ಯುಗಾದಿಗೆ ನಾನು ಊರಿಗೆ ಹೋದೆ. ಹಬ್ಬದ ಊಟ ಮುಗಿದ ಮೇಲೆ ಅವರು ಆ ಕವರನ್ನು ತಂದು ನನ್ನ ಮುಂದಿಟ್ಟರು.

"ನೀನು ಬೆಂಗಳೂರಲ್ಲಿ ಓದ್ತಿದೀಯಲ್ಲಪ್ಪ, ಇದನ್ನ ಓದಿ ಹೇಳು. ನಾವು ಯಾಕೆ ಸೋತ್ವಿ?"

ಹದಿನಾಲ್ಕು ಪುಟ. ಓದಿದೆ. ಒಂಬತ್ತನೇ ಪುಟದಲ್ಲಿ ನ್ಯಾಯಾಧೀಶರು ಬರೆದಿದ್ದರು: ಬಾವಿ ಜಂಟಿಯದು ಎಂದು ತೋರಿಸಲು ವಾದಿ ಯಾವ ದಾಖಲೆಯನ್ನೂ ಹಾಜರುಪಡಿಸಿಲ್ಲ. ಕೊನೇ ಪುಟಕ್ಕೆ ಹೋದೆ. ಅಲ್ಲಿ ವಾದಿಯ ಕಡೆಯ ದಾಖಲೆಗಳ ಪಟ್ಟಿ ಇತ್ತು. ನಿಶಾನೆ ಪಿ-೪: ನೋಂದಾಯಿತ ಪಾಲುಪಟ್ಟಿ!

"ಚಿಕ್ಕಪ್ಪ, ಪಾಲುಪಟ್ಟಿ ಕೋರ್ಟಿಗೆ ಕೊಟ್ಟಿದ್ರಾ?"

"ಕೊಟ್ಟಿದ್ದೆ ಕಣೋ. ಅದನ್ನ ಕೊಡದೆ ಇನ್ನೇನು ಕೊಡಲಿ?"

ಮಾರನೇ ದಿನ ಆ ಕಾಗದ ಹಿಡಿದು ತಾಲ್ಲೂಕಿನ ಇನ್ನೊಬ್ಬ ವಕೀಲರ ಬಳಿಗೆ ಓಡಿದೆ. ಅವರು ಒಂಬತ್ತನೇ ಪುಟ ನೋಡಿದರು, ಕೊನೇ ಪುಟ ನೋಡಿದರು, ಹಣೆ ಚಚ್ಚಿಕೊಂಡರು. "ತಮ್ಮಾ, ಇದಕ್ಕೆ ಅಪೀಲೇ ಬೇಕಿರಲಿಲ್ಲ. ಇದೇ ಕೋರ್ಟು, ಇದೇ ಸಾಹೇಬರು ತಿದ್ದಬಹುದಿತ್ತು. ಆದರೆ ಎಷ್ಟು ದಿನವಾಯಿತು, ಎಣಿಸಿದ್ದೀಯಾ?"

ಎಣಿಸಿದೆ. ಎಪ್ಪತ್ತೊಂದು ದಿನವಾಗಿತ್ತು. ಕಾನೂನು ಕೊಟ್ಟದ್ದು ಮೂವತ್ತು.

ಮುಂದೇನಾಯಿತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೂ ಮೊದಲು, ಆ ವಕೀಲರು "ಇದೇ ಸಾಹೇಬರು ತಿದ್ದಬಹುದಿತ್ತು" ಎಂದರಲ್ಲ, ಆ ಮಾತಿನ ಹಿಂದಿರುವ ಕಾನೂನನ್ನು ನೀವು ತಿಳಿಯಬೇಕು.

ಸಹಿ ಬಿದ್ದ ಮೇಲೆ ಕೈ ಕಟ್ಟು

ಸಿವಿಲ್ ವ್ಯಾಜ್ಯ ಎಂದರೆ ಜಮೀನು, ಮನೆ, ಸಾಲ, ಪಾಲು, ಬಾಡಿಗೆ, ಕರಾರು. ಇವೆಲ್ಲ ನಡೆಯುವುದು ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ. ಆ ಸಂಹಿತೆಯ ಆದೇಶ ೨೦, ನಿಯಮ ೩ ಹೇಳುತ್ತದೆ: ನ್ಯಾಯಾಧೀಶರು ತೀರ್ಪಿಗೆ ಸಹಿ ಹಾಕಿದ ಮೇಲೆ ಅದನ್ನು ಬದಲಿಸುವಂತಿಲ್ಲ, ಅದಕ್ಕೆ ಏನನ್ನೂ ಸೇರಿಸುವಂತಿಲ್ಲ. ಬರೆದವರ ಕೈಯನ್ನೇ ಕಾನೂನು ಕಟ್ಟಿ ಹಾಕುತ್ತದೆ.

ಏಕೆ? ಇಲ್ಲದಿದ್ದರೆ ವ್ಯಾಜ್ಯಕ್ಕೆ ಕೊನೆಯೇ ಇರುವುದಿಲ್ಲ. ಇವತ್ತು ಸೋತವನು ನಾಳೆ ಹೋಗಿ "ಸ್ವಾಮಿ, ಇನ್ನೊಮ್ಮೆ ನೋಡಿ" ಎನ್ನುತ್ತಾನೆ. ನಾಡಿದ್ದು ಗೆದ್ದವನು ಹೋಗುತ್ತಾನೆ. ಕೋರ್ಟಿನ ಮೆಟ್ಟಿಲು ಹತ್ತಿದವರ ಬಗ್ಗೆ ನಮ್ಮ ಹಿರಿಯರು ಆಡುವ ಮಾತು ನಿಮಗೂ ಗೊತ್ತು: ಗೆದ್ದವನು ಸೋತ, ಸೋತವನು ಸತ್ತ! ಅಂತ್ಯವಿಲ್ಲದ ವ್ಯಾಜ್ಯದಲ್ಲಿ ಇಬ್ಬರೂ ಸಾಯುತ್ತಾರೆ. ಆದ್ದರಿಂದ ತೀರ್ಪು ಎಂದರೆ ತೀರಿತು ಎಂದೇ ಅರ್ಥ.

ಆದರೆ ನ್ಯಾಯಾಧೀಶರೂ ಮನುಷ್ಯರೇ. ದಿನಕ್ಕೆ ಹತ್ತಾರು ಕಡತ ನೋಡುವವರು. ಕಣ್ಣು ತಪ್ಪುತ್ತದೆ. ಇದನ್ನು ನಾನು ಹೇಳುತ್ತಿಲ್ಲ, ಸುಪ್ರೀಂ ಕೋರ್ಟೇ ಹೇಳಿದೆ. ಅದೂ ನಮ್ಮದೇ ನಾಡಿನ ಪ್ರಕರಣದಲ್ಲಿ! ೧೯೯೩ರಲ್ಲಿ ಕರ್ನಾಟಕ ಸರ್ಕಾರದ ಸ್ಟೈಪೆಂಡರಿ ನೌಕರರ ಪ್ರಕರಣ ತೀರ್ಮಾನಿಸುವಾಗ ಆ ನ್ಯಾಯಾಲಯ ಒಂದು ತತ್ವವನ್ನು ಸಾರಿತು. ಮನುಷ್ಯರಾದವರು ತಪ್ಪು ಮಾಡಬಲ್ಲರು ಎಂದು ಜಗತ್ತೇ ಒಪ್ಪಿದೆ, ಮರುಪರಿಶೀಲನೆಯ ಬುಡದಲ್ಲಿರುವುದು ಆ ಒಪ್ಪಿಗೆಯೇ ಎಂಬುದು ಅದರ ಸಾರ. ಕೋರ್ಟಿನ ತಪ್ಪಿನಿಂದ ಯಾರಿಗೂ ನಷ್ಟವಾಗಬಾರದು ಎಂಬುದು ಬಹಳ ಹಳೆಯ ನ್ಯಾಯಸೂತ್ರ.

ಹೀಗೆ ಒಂದು ಕಡೆ "ತೀರ್ಪು ತೀರ್ಪೇ", ಇನ್ನೊಂದು ಕಡೆ "ತಪ್ಪು ತಪ್ಪೇ". ಈ ಎರಡರ ನಡುವೆ ಕಾನೂನು ಒಂದು ಸಣ್ಣ ಬಾಗಿಲು ಇಟ್ಟಿದೆ. ಅದೇ ಸಂಹಿತೆಯ ಕಲಂ ೧೧೪ ಮತ್ತು ಆದೇಶ ೪೭. ವಕೀಲರ ಬಾಯಲ್ಲಿ ಇದು ರಿವ್ಯೂ. ಕನ್ನಡದಲ್ಲಿ ಮರುಪರಿಶೀಲನೆ.

ಕ್ರಿಕೆಟ್ ನೋಡುವವರಿಗೆ ರಿವ್ಯೂ ಎಂದರೆ ಬಿಡಿಸಿ ಹೇಳಬೇಕಿಲ್ಲ. ಆದರೆ ಎರಡು ವ್ಯತ್ಯಾಸ ನೆನಪಿಡಿ. ಅಲ್ಲಿ ಮೂರನೇ ಅಂಪೈರ್ ನೋಡುತ್ತಾನೆ, ಇಲ್ಲಿ ಔಟ್ ಕೊಟ್ಟ ಅಂಪೈರೇ ಮತ್ತೆ ನೋಡುತ್ತಾನೆ. ಅಲ್ಲಿ ಹದಿನೈದು ಸೆಕೆಂಡು, ಇಲ್ಲಿ ಮೂವತ್ತು ದಿನ. ಎರಡೂ ಕಡೆ ಗಡಿಯಾರ ಓಡುತ್ತಲೇ ಇರುತ್ತದೆ.

ಕಾರಣ ಮೂರೇ

ಯಾವಾಗ ಮರುಪರಿಶೀಲನೆ ಕೇಳಬಹುದು? ಆದೇಶ ೪೭, ನಿಯಮ ೧ ಮೂರು ಕಾರಣ ಕೊಡುತ್ತದೆ. ಬೆರಳು ಮಡಚಿ ಎಣಿಸಿಕೊಳ್ಳಿ.

ಒಂದು: ಹೊಸ ಮತ್ತು ಮುಖ್ಯವಾದ ಸಂಗತಿ ಅಥವಾ ಸಾಕ್ಷ್ಯ ಈಗ ಸಿಕ್ಕಿರಬೇಕು. ತಕ್ಕ ಎಚ್ಚರಿಕೆ ವಹಿಸಿ ಹುಡುಕಿದ್ದರೂ ತೀರ್ಪಿನ ಹೊತ್ತಿಗೆ ಅದು ನಿಮಗೆ ತಿಳಿದಿರಬಾರದು, ಅಥವಾ ತಿಳಿದಿದ್ದರೂ ಹಾಜರುಪಡಿಸಲು ಸಾಧ್ಯವಾಗಿರಬಾರದು. ಸಾಲದ ದಾವೆಯಲ್ಲಿ ಸೋತಿರಿ ಎಂದುಕೊಳ್ಳಿ. ಹಣ ತೀರಿಸಿದ ರಸೀದಿ ಆಮೇಲೆ ನಿಮ್ಮದೇ ಬೀರುವಿನಲ್ಲಿ ಸಿಕ್ಕಿತು. ಕೋರ್ಟು ಕೇಳುತ್ತದೆ: "ಮೊದಲೇ ಯಾಕೆ ಬೀರು ತೆಗೆದು ನೋಡಲಿಲ್ಲ?" ಉತ್ತರವಿಲ್ಲ. ಅದೇ ರಸೀದಿ, ತೀರಿಹೋದ ತಂದೆ ಬೇರೆ ಊರಿನಲ್ಲಿ ಯಾರ ಬಳಿಯೋ ಕೊಟ್ಟಿಟ್ಟಿದ್ದ ಪೆಟ್ಟಿಗೆಯಲ್ಲಿ ಸಿಕ್ಕಿತು, ಪೆಟ್ಟಿಗೆ ಇದ್ದದ್ದೇ ನಿಮಗೆ ಗೊತ್ತಿರಲಿಲ್ಲ. ಆಗ ಮಾತು ಬೇರೆ. ಆದರೆ ಬಾಯಿಮಾತು ಸಾಲದು, ಕಟ್ಟುನಿಟ್ಟಾಗಿ ರುಜುವಾತು ಮಾಡಬೇಕು ಎನ್ನುತ್ತದೆ ನಿಯಮ ೪.

ಎರಡು: ದಾಖಲೆಯ ಮುಖದ ಮೇಲೇ ಕಾಣುವ ತಪ್ಪು. ಈ ಮಾತನ್ನು ಮನಸ್ಸಿನಲ್ಲಿ ಕೆತ್ತಿಕೊಳ್ಳಿ. ತಪ್ಪು ಹುಡುಕಬೇಕಾದದ್ದಲ್ಲ, ಕಣ್ಣಿಗೆ ರಾಚಬೇಕಾದದ್ದು. ಎರಡು ಪುಟ ಅಕ್ಕಪಕ್ಕ ಇಟ್ಟರೆ ಸಾಕು, ತಾನಾಗಿ ಕಾಣಬೇಕು. ಒಂಬತ್ತನೇ ಪುಟದಲ್ಲಿ "ದಾಖಲೆ ಇಲ್ಲ", ಕೊನೇ ಪುಟದಲ್ಲಿ "ನಿಶಾನೆ ಪಿ-೪"! ಇದಕ್ಕೆ ವಾದ ಬೇಕೇ? ಬದಲಿಗೆ ಸಾಕ್ಷಿಗಳನ್ನು ಮತ್ತೆ ತೂಗಿ, ಹತ್ತು ತೀರ್ಪು ಉದಾಹರಿಸಿ, ಎರಡು ತಾಸು ವಾದ ಮಾಡಿದ ಮೇಲೆ "ಇಲ್ಲಿ ತಪ್ಪಿದೆ" ಎಂದು ಸ್ಥಾಪಿಸಬೇಕಾದರೆ ಅದು ಮುಖದ ಮೇಲಿನ ತಪ್ಪಲ್ಲ. ಅಂಥ ತಪ್ಪಿಗೆ ಅಪೀಲೇ ದಾರಿ.

ಮೂರು: ಸಾಕಷ್ಟು ಬಲವಾದ ಬೇರೆ ಯಾವುದಾದರೂ ಕಾರಣ. ಇದನ್ನು ಕೇಳಿ ಹಲವರ ಮುಖ ಅರಳುತ್ತದೆ. "ಓಹೋ, ಇಲ್ಲಿ ಏನು ಬೇಕಾದರೂ ತುರುಕಬಹುದು!" ಇಲ್ಲ ಸ್ವಾಮಿ. ೧೯೨೨ರಲ್ಲೇ ಪ್ರಿವಿ ಕೌನ್ಸಿಲ್ ಈ ದಾರಿಗೆ ಬೇಲಿ ಹಾಕಿತು: ಬೇರೆ ಕಾರಣ ಎಂದರೆ ಮೊದಲ ಎರಡು ಕಾರಣಗಳ ಜಾತಿಗೇ ಸೇರಿದ ಕಾರಣ. ಸ್ವತಂತ್ರ ಭಾರತದ ಸುಪ್ರೀಂ ಕೋರ್ಟು ೧೯೫೪ರಲ್ಲಿ ಅದನ್ನೇ ಒಪ್ಪಿತು. ಮುಂದೆ ೨೦೦೫ರಲ್ಲಿ, ಭಾರತೀಯ ಕ್ರಿಕೆಟ್ ಮಂಡಳಿ ಮತ್ತು ನೇತಾಜಿ ಕ್ರಿಕೆಟ್ ಕ್ಲಬ್ ಪ್ರಕರಣದಲ್ಲಿ, ಸ್ವಲ್ಪ ಉದಾರವಾದ ಮಾತು ಬಂತು. ವಿಷಯವನ್ನೋ ಕಾನೂನನ್ನೋ ಕೋರ್ಟು ತಪ್ಪಾಗಿ ಗ್ರಹಿಸಿದ್ದರೆ, ವಕೀಲರೇ ತಪ್ಪಾಗಿ ಗ್ರಹಿಸಿದ್ದರೂ ಸಹ, ಅದು ಮರುಪರಿಶೀಲನೆಗೆ ಸಾಕಾದ ಕಾರಣ ಆಗಬಹುದು ಎಂದಿತು. ಆದರೂ ಬೇಲಿ ಬೇಲಿಯೇ. ಹಾರಿ ದಾಟಲು ಬರುವುದಿಲ್ಲ.

ನೋವು ಕಾರಣವಲ್ಲ

ಇಲ್ಲೊಂದು ಕಹಿ ಮಾತು ಹೇಳಬೇಕು. ತೀರ್ಪು ನಮಗೆ ಇಷ್ಟವಾಗಲಿಲ್ಲ ಎಂಬುದು ಮರುಪರಿಶೀಲನೆಗೆ ಕಾರಣವೇ ಅಲ್ಲ. ಮರುಪರಿಶೀಲನೆ ಎಂಬುದು ವೇಷ ಬದಲಿಸಿ ಬಂದ ಅಪೀಲು ಅಲ್ಲ ಎಂದು ಸುಪ್ರೀಂ ಕೋರ್ಟು ೧೯೬೩ರ ತುಂಗಭದ್ರಾ ಇಂಡಸ್ಟ್ರೀಸ್ ಪ್ರಕರಣದಲ್ಲಿ ಹೇಳಿತು. ೧೯೯೭ರಲ್ಲಿ ಮತ್ತೆ ಹೇಳಿತು. ೨೦೧೩ರಲ್ಲಿ ಪಟ್ಟಿ ಮಾಡಿಯೇ ಹೇಳಿತು: ಹಳೆಯ ವಾದವನ್ನೇ ಮತ್ತೆ ಒಪ್ಪಿಸುವುದು, ಸಾಕ್ಷ್ಯವನ್ನು ಇನ್ನೊಮ್ಮೆ ತೂಗಲು ಕೇಳುವುದು, ಎರಡು ಅಭಿಪ್ರಾಯಕ್ಕೆ ಎಡೆಯಿರುವಲ್ಲಿ "ನನ್ನದೇ ಸರಿ" ಎನ್ನುವುದು, ಇವು ಯಾವುವೂ ನಡೆಯುವುದಿಲ್ಲ.

ಇದು ನಮ್ಮ ಮನಸ್ಸಿಗೆ ತಟ್ಟಿದ ಸಂಗತಿಯೂ ಹೌದು. ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಅಥವಾ ಮಾತೃಭಾಷೆಯೇ ಮಾಧ್ಯಮವಾಗಬೇಕು ಎಂಬ ನೀತಿಯ ೧೯೯೪ರ ಸರ್ಕಾರಿ ಆದೇಶ ನಿಮಗೆ ಗೊತ್ತು. ೨೦೧೪ರ ಮೇ ೬ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಸರ್ಕಾರ ಮಾಧ್ಯಮವನ್ನು ಹೇರುವಂತಿಲ್ಲ ಎಂದಿತು. ನಮ್ಮ ರಾಜ್ಯ ಸರ್ಕಾರ ಮರುಪರಿಶೀಲನಾ ಅರ್ಜಿ ಹಾಕಿತು. ಅದು ತಿರಸ್ಕೃತವಾಯಿತು. ಸರ್ಕಾರವೇ ಬಡಿದ ಬಾಗಿಲು ತೆರೆಯಲಿಲ್ಲ! ನಮಗೆ ನೋವಾಯಿತು, ಇಂದಿಗೂ ಇದೆ. ಆದರೆ ನೋವೇ ಬೇರೆ, ಮುಖದ ಮೇಲಿನ ತಪ್ಪೇ ಬೇರೆ. ಯಾವ ಬಾಗಿಲನ್ನು ಯಾವುದಕ್ಕೆ ಬಡಿಯಬೇಕು ಎಂದು ತಿಳಿಯದ ಹೋರಾಟಗಾರ ತನ್ನ ಶಕ್ತಿಯನ್ನು ಗೋಡೆಗೆ ಗುದ್ದಿ ಕಳೆದುಕೊಳ್ಳುತ್ತಾನೆ.

ಇನ್ನೊಂದು ತಪ್ಪು ತಿಳಿವಳಿಕೆ. ನಿಮ್ಮ ಕೇಸು ಮುಗಿದ ಮೇಲೆ ಬೇರೆ ಯಾರದೋ ಕೇಸಿನಲ್ಲಿ ಮೇಲಿನ ಕೋರ್ಟು ಕಾನೂನನ್ನು ಬೇರೆ ರೀತಿ ಅರ್ಥೈಸಿತು. "ಈಗ ನನ್ನದನ್ನೂ ತೆರೆಯಿರಿ" ಎನ್ನಬಹುದೇ? ಆಗದು. ೧೯೭೬ರ ತಿದ್ದುಪಡಿಯಲ್ಲಿ ಒಂದು ವಿವರಣೆ ಸೇರಿಸಿ ಆ ದಾರಿಯನ್ನು ಮುಚ್ಚಿದ್ದಾರೆ.

ಯಾವ ಬಾಗಿಲು ಯಾವುದಕ್ಕೆ?

ಲೆಕ್ಕದ ತಪ್ಪು, ಬರವಣಿಗೆಯ ತಪ್ಪು, ಕೈತಪ್ಪಿನಿಂದ ಬಿಟ್ಟುಹೋದದ್ದು ಇದ್ದರೆ ಕಲಂ ೧೫೨ ಸಾಕು. ತೀರ್ಪಿನ ಒಳಗೆಲ್ಲ ಎರಡು ಎಕರೆ ಹತ್ತು ಗುಂಟೆ ಎಂದಿದ್ದು, ಡಿಕ್ರಿಯಲ್ಲಿ ಒಂದು ಎಕರೆ ಹತ್ತು ಗುಂಟೆ ಎಂದು ಬಿದ್ದಿದ್ದರೆ ಯಾವಾಗ ಬೇಕಾದರೂ ತಿದ್ದಿಸಬಹುದು. ಮೂವತ್ತು ದಿನದ ಹಂಗಿಲ್ಲ.

ನಿಮಗೆ ಸಮನ್ಸೇ ಮುಟ್ಟದೆ ನಿಮ್ಮ ಗೈರುಹಾಜರಿಯಲ್ಲಿ ಏಕಪಕ್ಷೀಯ ಡಿಕ್ರಿ ಆಗಿದ್ದರೆ ಆದೇಶ ೯, ನಿಯಮ ೧೩ರ ಅರ್ಜಿ.

ನ್ಯಾಯಾಧೀಶರ ತೀರ್ಮಾನವೇ ಸರಿಯಿಲ್ಲ, ಸಾಕ್ಷ್ಯವನ್ನು ತಪ್ಪಾಗಿ ತೂಗಿದ್ದಾರೆ ಎಂದರೆ ಅಪೀಲು.

ಮೇಲೆ ಹೇಳಿದ ಮೂರು ಕಾರಣಗಳಲ್ಲಿ ಒಂದಿದ್ದರೆ ಮಾತ್ರ ಮರುಪರಿಶೀಲನೆ. ಅದಕ್ಕೂ ಷರತ್ತುಗಳಿವೆ. ಅಪೀಲಿಗೆ ಅವಕಾಶವಿದ್ದರೂ ನೀವು ಅಪೀಲು ಹಾಕಿರಬಾರದು, ಅಥವಾ ಅಪೀಲಿಗೆ ಅವಕಾಶವೇ ಇಲ್ಲದ ತೀರ್ಪಾಗಿರಬೇಕು. ಮೊದಲು ಅಪೀಲು ಹಾಕಿ, ಅದು ಅಲ್ಲಿ ನಡೆಯುತ್ತಿರುವಾಗ ಇಲ್ಲಿಗೆ ಬಂದು ಮರುಪರಿಶೀಲನೆ ಕೇಳುವ ಹಾಗಿಲ್ಲ. ಎರಡು ದೋಣಿಯಲ್ಲಿ ಕಾಲಿಟ್ಟರೆ ಏನಾಗುತ್ತದೆ ಎಂದು ನಿಮಗೇ ಗೊತ್ತು.

ಅರ್ಜಿ ಹೋಗುವುದು ತೀರ್ಪು ಕೊಟ್ಟ ನ್ಯಾಯಾಧೀಶರ ಮುಂದೆಯೇ. ಅವರಿಗೆ ವರ್ಗವಾಗಿದ್ದರೆ ಆ ಕುರ್ಚಿಗೆ ಬಂದವರ ಮುಂದೆ. ಕಾರಣ ಸಾಲದು ಎನಿಸಿದರೆ ವಜಾ. ಹುರುಳಿದೆ ಎನಿಸಿದರೆ ಎದುರು ಪಕ್ಷಕ್ಕೆ ನೋಟೀಸು ಕೊಟ್ಟು, ಅವರ ಮಾತು ಕೇಳಿಯೇ ಮುಂದುವರಿಯಬೇಕು. ಅರ್ಜಿ ವಜಾ ಆದರೆ ಆ ವಜಾ ಆದೇಶದ ಮೇಲೆ ಅಪೀಲು ಇಲ್ಲ. ಮರುಪರಿಶೀಲನೆಯ ಆದೇಶಕ್ಕೆ ಇನ್ನೊಂದು ಮರುಪರಿಶೀಲನೆಯೂ ಇಲ್ಲ. ಒಂದೇ ಸಲ! ಅರ್ಜಿ ಬರೆಯುವಾಗ ಕೈ ನಡುಗಬೇಕು, ಅಷ್ಟು ಎಚ್ಚರಿಕೆ ಇರಬೇಕು.

ಸುಪ್ರೀಂ ಕೋರ್ಟಿನ ವಿಷಯ ಸ್ವಲ್ಪ ಬೇರೆ. ಅದಕ್ಕೆ ತನ್ನ ತೀರ್ಪನ್ನು ತಾನೇ ಮರುಪರಿಶೀಲಿಸುವ ಅಧಿಕಾರ ಸಂವಿಧಾನದ ಅನುಚ್ಛೇದ ೧೩೭ರಿಂದ ಬಂದಿದೆ. ಸಿವಿಲ್ ವಿಷಯಗಳಲ್ಲಿ ಅಲ್ಲಿಯೂ ಕಾರಣಗಳು ಇವೇ ಮೂರು, ಅವಧಿ ಅದೇ ಮೂವತ್ತು ದಿನ. ಸಾಮಾನ್ಯವಾಗಿ ವಕೀಲರ ವಾದವಿಲ್ಲದೆ, ನ್ಯಾಯಮೂರ್ತಿಗಳು ಕಡತವನ್ನೇ ನೋಡಿ ತೀರ್ಮಾನಿಸುತ್ತಾರೆ. ಅದೂ ಹೋದ ಮೇಲೆ ಕಟ್ಟಕಡೆಯ ದಾರಿಯಾಗಿ ಕ್ಯುರೇಟಿವ್ ಅರ್ಜಿ ಎಂಬುದನ್ನು ೨೦೦೨ರಲ್ಲಿ ಆ ನ್ಯಾಯಾಲಯವೇ ರೂಪಿಸಿತು. ಅದು ಇನ್ನೂ ಇಕ್ಕಟ್ಟು.

ಓದಲಾಗದ ತೀರ್ಪಿನಲ್ಲಿ ತಪ್ಪು ಕಾಣುವುದು ಹೇಗೆ?

ಈಗ ಈ ಪತ್ರಿಕೆಗೂ ನಿಮಗೂ ಸಂಬಂಧಪಟ್ಟ ಮಾತಿಗೆ ಬರುತ್ತೇನೆ. ಸಂವಿಧಾನದ ಅನುಚ್ಛೇದ ೧೩೭ ಮರುಪರಿಶೀಲನೆಯ ವಿಷಯ ಎಂದೆನಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೂ ಒಂದು ಕಲಂ ೧೩೭ ಇದೆ. ಅದು ಏನು ಗೊತ್ತೇ? ಅಧೀನ ನ್ಯಾಯಾಲಯಗಳ ಭಾಷೆ! ಅಂಕಿ ಒಂದೇ ಆದದ್ದು ಕಾಕತಾಳೀಯ ಇರಬಹುದು. ಆದರೆ ನನ್ನ ಮಟ್ಟಿಗೆ ಈ ಎರಡು ೧೩೭ಗಳು ಒಂದೇ ನಾಣ್ಯದ ಎರಡು ಮುಖ.

ಜಿಲ್ಲೆ, ತಾಲ್ಲೂಕುಗಳ ಕೋರ್ಟಿನ ಭಾಷೆ ಯಾವುದೆಂದು ಘೋಷಿಸುವ ಅಧಿಕಾರವನ್ನು ಆ ಕಲಂ ರಾಜ್ಯ ಸರ್ಕಾರಕ್ಕೆ ಕೊಡುತ್ತದೆ. ಕರ್ನಾಟಕದಲ್ಲಿ ಅಧೀನ ನ್ಯಾಯಾಲಯಗಳ ಭಾಷೆ ಕನ್ನಡ ಎಂದು ಘೋಷಣೆಯಾಗಿ ದಶಕಗಳೇ ಕಳೆದಿವೆ. ಆದರೆ ಅದೇ ಕಲಮಿನ ಮೂರನೇ ಉಪಕಲಂ ಒಂದು ಕಿಟಕಿ ತೆರೆದಿಟ್ಟಿದೆ: ಸಾಕ್ಷ್ಯ ಬರೆದುಕೊಳ್ಳುವುದನ್ನು ಬಿಟ್ಟು ಉಳಿದ ಬರಹ ಇಂಗ್ಲಿಷಿನಲ್ಲಿಯೂ ಇರಬಹುದು. ನಮ್ಮ ತೀರ್ಪುಗಳೆಲ್ಲ ಆ ಕಿಟಕಿಯಿಂದಲೇ ಇಂಗ್ಲಿಷಿಗೆ ಹಾರಿದ್ದು.

ಆದರೆ ಆ ವಾಕ್ಯ ಅಲ್ಲಿಗೇ ಮುಗಿಯುವುದಿಲ್ಲ. ಮುಂದಿನ ಅರ್ಧವನ್ನು ಯಾರೂ ನಮಗೆ ಹೇಳುವುದಿಲ್ಲ. ಕಕ್ಷಿದಾರನಿಗಾಗಲಿ ಅವನ ವಕೀಲನಿಗಾಗಲಿ ಇಂಗ್ಲಿಷ್ ಬಾರದಿದ್ದರೆ, ಅವನು ಕೇಳಿದಾಗ, ಕೋರ್ಟಿನ ಭಾಷೆಗೆ ಅನುವಾದ ಮಾಡಿಸಿ ಕೊಡಬೇಕು! ಖರ್ಚು ಯಾರು ಕೊಡಬೇಕೆಂಬುದನ್ನು ಕೋರ್ಟು ತೀರ್ಮಾನಿಸುತ್ತದೆ. ಇದು ಯಾರೋ ಕೊಡುವ ಭಿಕ್ಷೆಯಲ್ಲ. ೧೯೦೮ರಿಂದ ಕಾನೂನಿನ ಪುಸ್ತಕದಲ್ಲಿ ಅಚ್ಚಾಗಿರುವ ಹಕ್ಕು. ನಮ್ಮ ಚಿಕ್ಕಪ್ಪನಿಗೆ ಇದು ಗೊತ್ತಿರಲಿಲ್ಲ. ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿತ್ತು? ಕೈ ಎತ್ತಿ ನೋಡೋಣ.

(ಸಭೆಯಲ್ಲಿ ಒಂದೂ ಕೈ ಮೇಲೇಳಲಿಲ್ಲ.)

ನೋಡಿದಿರಾ? ಕಾನೂನು ಹೇಳುತ್ತದೆ: ಮುಖದ ಮೇಲಿನ ತಪ್ಪು ತೋರಿಸು, ತಿದ್ದುತ್ತೇನೆ. ಆದರೆ ಮುಖವನ್ನೇ ಮುಸುಕಿನಲ್ಲಿಟ್ಟು ಕೊಟ್ಟರೆ ತಪ್ಪು ಕಾಣುವುದು ಹೇಗೆ? ಕಣ್ಣಿಗೆ ರಾಚುವ ತಪ್ಪು ಎಂದರೆ ಯಾರ ಕಣ್ಣಿಗೆ? ವಕೀಲರ ಕಣ್ಣಿಗೋ, ಬಾವಿ ಕಳೆದುಕೊಂಡವನ ಕಣ್ಣಿಗೋ? ಚಿಕ್ಕಪ್ಪನಿಗೆ ಓದು ಬರುತ್ತಿತ್ತು. ದಿನಾ ಪತ್ರಿಕೆ ಓದುತ್ತಿದ್ದರು. ಆ ಹದಿನಾಲ್ಕು ಪುಟ ಕನ್ನಡದಲ್ಲಿದ್ದಿದ್ದರೆ ಬಸ್ಸಿನಲ್ಲಿ ಊರು ಸೇರುವ ಮೊದಲೇ "ಪಾಲುಪಟ್ಟಿ ಕೊಟ್ಟಿದ್ದೆನಲ್ಲ!" ಎಂದು ಕೂಗುತ್ತಿದ್ದರು. ಎಪ್ಪತ್ತೊಂದು ದಿನ ಟ್ರಂಕಿನಲ್ಲಿ ಮಲಗಿದ್ದು ಕಾಗದವಲ್ಲ, ಅವರ ಹಕ್ಕು.

ಭಾಷೆಯ ಪ್ರಶ್ನೆ ಎಂದರೆ ಬರೀ ಅಭಿಮಾನ, ಬರೀ ಬಾವುಟ ಎಂದು ನಗುವವರಿದ್ದಾರೆ. ಅವರಿಗೆ ನೀವು ಈ ಬಾವಿಯನ್ನು ತೋರಿಸಿ. ಭಾಷೆ ಎಂದರೆ ಸರ್ವೆ ನಂಬರು, ಭಾಷೆ ಎಂದರೆ ಗುಂಟೆ, ಭಾಷೆ ಎಂದರೆ ಮೂವತ್ತು ದಿನ! ಇಂಗ್ಲಿಷಿನ ಮೇಲೆ ನನಗೆ ದ್ವೇಷವಿಲ್ಲ, ಅದರಲ್ಲಿ ಓದಿಯೇ ವಕೀಲನಾದೆ. ನನ್ನ ಪ್ರಶ್ನೆ ಒಂದೇ: ಸೋತವನಿಗೆ ತಾನು ಯಾಕೆ ಸೋತೆ ಎಂದು ತಿಳಿಯುವ ಹಕ್ಕಿಲ್ಲವೇ?

ಹೈಕೋರ್ಟು, ಸುಪ್ರೀಂ ಕೋರ್ಟಿನಲ್ಲಿ ಇಂಗ್ಲಿಷ್ ಇರುವುದು ಸಂವಿಧಾನದ ಅನುಚ್ಛೇದ ೩೪೮ರಿಂದ. ಅದು ದೊಡ್ಡ ಹೋರಾಟ, ಇನ್ನೊಂದು ದಿನ ಮಾತಾಡೋಣ. ಆದರೆ ತಾಲ್ಲೂಕು ಕೋರ್ಟಿನ ತೀರ್ಪು ಕನ್ನಡದಲ್ಲಿ ಬರಲು ಸಂವಿಧಾನ ತಿದ್ದಬೇಕಿಲ್ಲ. ಮನಸ್ಸು ಮಾಡಿದರೆ ಸಾಕು. ಕನ್ನಡದಲ್ಲೇ ತೀರ್ಪು ಬರೆಯುವ ನ್ಯಾಯಾಧೀಶರು ನಮ್ಮ ನಾಡಿನಲ್ಲಿ ಇದ್ದಾರೆ. ಅವರಿಗೆ ಸಾಷ್ಟಾಂಗ ನಮಸ್ಕಾರ.

ನಾಳೆಯಿಂದಲೇ ಮಾಡಬೇಕಾದದ್ದು

ನೀವು ಪೇಟೆಯ ಹುಡುಗರು, ಹುಡುಗಿಯರು. ಕೈಯಲ್ಲಿ ಫೋನಿದೆ, ಎರಡು ಭಾಷೆ ಬರುತ್ತದೆ. ಊರಿನಲ್ಲಿ ನಿಮಗೂ ಒಬ್ಬ ಚಿಕ್ಕಪ್ಪನೋ, ಸೋದರತ್ತೆಯೋ ಇರುತ್ತಾರೆ. ಅವರ ಮನೆಯಲ್ಲಿ ಒಂದು ಟ್ರಂಕು ಇರುತ್ತದೆ. ಮುಂದಿನ ಹಬ್ಬಕ್ಕೆ ಹೋದಾಗ ಹೋಳಿಗೆ ತಿಂದು ಬರಬೇಡಿ, ಟ್ರಂಕು ತೆಗೆಸಿ ನೋಡಿ.

ತೀರ್ಪು ಬಂದ ದಿನವೇ ದೃಢೀಕೃತ ನಕಲಿಗೆ ಅರ್ಜಿ ಹಾಕಿಸಿ. ೧೯೬೩ರ ಕಾಲಮಿತಿ ಕಾಯ್ದೆಯ ೧೨೪ನೇ ಅನುಚ್ಛೇದದಂತೆ ಮರುಪರಿಶೀಲನೆಗೆ ತೀರ್ಪಿನ ದಿನದಿಂದ ಮೂವತ್ತು ದಿನ. ನಕಲು ಸಿಗಲು ಹಿಡಿದ ಕಾಲವನ್ನು ಅದೇ ಕಾಯ್ದೆಯ ಕಲಂ ೧೨ ಲೆಕ್ಕದಿಂದ ಕಳೆಯುತ್ತದೆ. ಆದರೆ ಅನುವಾದಕ್ಕೆ ಕಾಯುವ ದಿನಗಳನ್ನು ಕಳೆಯಬಹುದೆಂದು ಆ ಕಲಂ ಹೇಳಿಲ್ಲ. ಆದ್ದರಿಂದ ನಕಲಿನ ಅರ್ಜಿ, ಅನುವಾದದ ಅರ್ಜಿ ಎರಡನ್ನೂ ಒಂದೇ ದಿನ ಕೊಡಿಸಿ. ಈ ಕೊರತೆ ತುಂಬಬೇಕು, ಅನುವಾದದ ದಿನಗಳನ್ನೂ ಬಿಟ್ಟು ಎಣಿಸಬೇಕು ಎಂಬುದು ನಮ್ಮೆಲ್ಲರ ಬೇಡಿಕೆಯಾಗಲಿ.

ನಕಲು ಬಂದ ಮೇಲೆ ಮೊದಲು ಕೊನೇ ಪುಟದ ದಾಖಲೆ ಪಟ್ಟಿ ಓದಿ. ಆಮೇಲೆ ಒಳಗಿನ ಕಾರಣಗಳನ್ನು ಓದಿ. ಎರಡೂ ಹೊಂದುತ್ತವೆಯೇ ನೋಡಿ. ಫೋನಿನ ಅನುವಾದವನ್ನು ನಂಬಿ ತೀರ್ಮಾನಕ್ಕೆ ಬ‌ರಬೇಡಿ. ಅನುಮಾನ ಬಂದರೆ ವಕೀಲರ ಹತ್ತಿರ ಹೋಗಿ. ವಕೀಲರಿಗೆ ಕೊಡಲು ಹಣವಿಲ್ಲವೇ? ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ವರಮಾನದವರಿಗೆ ಉಚಿತ ನೆರವುಂಟು. ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಕೇಳಿ.

ಮೂವತ್ತು ದಿನ ಮೀರಿದ್ದರೆ? ಮಿಂಚಿಹೋದ ಕಾಲಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ. ಆದರೆ ಕಾಲಮಿತಿ ಕಾಯ್ದೆಯ ಕಲಂ ೫ ಒಂದು ಎಳೆ ಬಿಟ್ಟಿದೆ. ತಡಕ್ಕೆ ಒಪ್ಪತಕ್ಕ ಕಾರಣ ತೋರಿಸಿದರೆ ಕೋರ್ಟು ಮನ್ನಿಸಬಹುದು. ಮನ್ನಿಸಲೇಬೇಕು ಎಂದಿಲ್ಲ.

ಬಾವಿಯ ಕಥೆ ಮುಗಿಯಿತೇ?

ನಾವು ಹಿಡಿದದ್ದು ಆ ಎಳೆಯನ್ನೇ. ತಡ ಮನ್ನಿಸುವ ಅರ್ಜಿಯಲ್ಲಿ ಚಿಕ್ಕಪ್ಪ ಒಂದೇ ಕಾರಣ ಬರೆಸಿದರು: ತೀರ್ಪು ಇಂಗ್ಲಿಷಿನಲ್ಲಿತ್ತು, ನನಗೆ ಓದಲು ಬರುವುದಿಲ್ಲ, ಓದಿ ಹೇಳುವವರು ಯುಗಾದಿಗೆ ಬಂದರು. ಅದೇ ನ್ಯಾಯಾಧೀಶರು ಕುಳಿತಿದ್ದರು. ಎದುರು ಪಕ್ಷದ ವಕೀಲರು ಬಲವಾಗಿ ಆಕ್ಷೇಪಿಸಿದರು. ನ್ಯಾಯಾಧೀಶರು ಒಂಬತ್ತನೇ ಪುಟ ತೆರೆದರು, ಕೊನೇ ಪುಟ ತೆರೆದರು, ಸ್ವಲ್ಪ ಹೊತ್ತು ಸುಮ್ಮನಿದ್ದರು. ಎದುರು ಪಕ್ಷಕ್ಕೆ ಖರ್ಚು ಕೊಡಬೇಕೆಂಬ ಷರತ್ತಿನ ಮೇಲೆ ತಡವನ್ನು ಮನ್ನಿಸಿದರು. ಮುಂದೆ ಮರುಪರಿಶೀಲನೆಯ ಅರ್ಜಿಯನ್ನೂ ಒಪ್ಪಿ, ಪಾಲುಪಟ್ಟಿಯ ಅಂಶದ ಮೇಲೆ ಮತ್ತೆ ವಾದ ಕೇಳಿ, ವಾರದ ಮೂರು ದಿನದ ನೀರನ್ನು ನಮಗೆ ಕೊಟ್ಟರು.

ಆ ನ್ಯಾಯಾಧೀಶರನ್ನು ನಾನು ಬೈಯುವುದಿಲ್ಲ. ತುಂಬಿದ ಕೋರ್ಟಿನಲ್ಲಿ ತಮ್ಮದೇ ತಪ್ಪನ್ನು ಒಪ್ಪಿ, ತಮ್ಮದೇ ಕೈಯಿಂದ ತಿದ್ದುವುದು ಸಣ್ಣ ಮಾತಲ್ಲ. ಆ ದಿನ ಕೋರ್ಟು ಹಾಲಿನ ಹಿಂದೆ ನಿಂತಿದ್ದ ನಾನು ವಕೀಲನಾಗಬೇಕು ಎಂದು ತೀರ್ಮಾನಿಸಿದೆ.

ಆದರೆ ಗೆಳೆಯರೇ, ಅದೆಲ್ಲ ಮುಗಿಯುವ ಹೊತ್ತಿಗೆ ಒಂದು ವರ್ಷ ಕಳೆದಿತ್ತು. ಒಂದು ಇಡೀ ಬೇಸಿಗೆ ತೋಟಕ್ಕೆ ನೀರಿರಲಿಲ್ಲ. ನಲವತ್ತು ಚಿಲ್ಲರೆ ಅಡಿಕೆ ಮರ ಒಣಗಿ ನಿಂತಿದ್ದವು. ಕೋರ್ಟು ಬಾವಿಯನ್ನು ಹಿಂದಕ್ಕೆ ಕೊಟ್ಟಿತು. ಮರಗಳನ್ನು ಹಿಂದಕ್ಕೆ ಕೊಡುವ ಕಲಂ ಯಾವ ಸಂಹಿತೆಯಲ್ಲೂ ಇಲ್ಲ.

ಮೊದಲ ಸರದಿಯ ನೀರು ಬಂದ ದಿನ ಚಿಕ್ಕಪ್ಪ ಆ ಒಣಮರಗಳ ಬುಡಕ್ಕೂ ನೀರು ಬಿಟ್ಟರು. ನಾನು "ಯಾಕೆ ಚಿಕ್ಕಪ್ಪ?" ಎಂದೆ. ಅವರು ಏನೂ ಹೇಳಲಿಲ್ಲ.

ಹೋಗಿ, ನಿಮ್ಮ ಮನೆಯ ಟ್ರಂಕು ತೆಗೆಸಿ ನೋಡಿ. ದಿನ ಎಣಿಸಿ.